ಫೋನ್ ಇದ್ದಕ್ಕಿದ್ದಂತೆ ಕೂಗಿಕೊಂಡರೆ: ತುರ್ತು ಎಚ್ಚರಿಕೆ ಕುರಿತ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಸೈಲೆಂಟ್‌ನಲ್ಲಿಟ್ಟಿದ್ದ ನನ್ನ ಫೋನ್ ಸೈರನ್‌ನಂತೆ ಕೂಗಿ, ಪರದೆಯ ತುಂಬ ಎಚ್ಚರಿಕೆ ಸಂದೇಶ ತೋರಿಸಿತು. ನನ್ನ ನಂಬರ್ ಸರ್ಕಾರದವರಿಗೆ ಸಿಕ್ಕಿದ್ದು ಹೇಗೆ? ನಾನು ಎಲ್ಲಿದ್ದೇನೆಂದು ಸದಾ ಗಮನಿಸುತ್ತಿರುತ್ತಾರೆಯೇ?

ಉತ್ತರ: ನಿಮ್ಮ ನಂಬರ್ ಅವರಿಗೆ ಬೇಕಾಗಿಯೇ ಇಲ್ಲ. ಇಂಥ ಸಂದೇಶ ಬರುವುದು ಸೆಲ್ ಬ್ರಾಡ್‌ಕಾಸ್ಟ್ ಎಂಬ ವಿಧಾನದಲ್ಲಿ. ಅಪಾಯವಿರುವ ಪ್ರದೇಶದ ಟವರ್‌ಗಳನ್ನು ಆರಿಸಿ, ಅವುಗಳಿಂದ ಸಂದೇಶವನ್ನು ಬಿತ್ತರಿಸುತ್ತಾರೆ. ಡಂಗುರ ಸಾರುವವನಿಗೆ ಯಾವ ಮನೆಯಲ್ಲಿ ಯಾರಿದ್ದಾರೆಂದು ತಿಳಿದಿರಬೇಕಿಲ್ಲವಲ್ಲ, ಇದೂ ಹಾಗೆಯೇ. ಟವರ್‌ನ ವ್ಯಾಪ್ತಿಯಲ್ಲಿರುವ ಫೋನ್‌ಗಳು ಅದನ್ನು ಹಿಡಿದುಕೊಳ್ಳುತ್ತವೆ. ಯಾರ ಫೋನ್‌ಗೆ ತಲುಪಿತು ಎಂಬ ಲೆಕ್ಕ ಯಾರಿಗೂ ಸಿಗುವುದಿಲ್ಲ.

ಎಸ್ಸೆಮ್ಮೆಸ್ ಕಳುಹಿಸಬಾರದೇಕೆ ಎಂದು ಹಲವರು ಕೇಳುತ್ತಾರೆ. ಎಸ್ಸೆಮ್ಮೆಸ್ ಒಂದೊಂದು ನಂಬರಿಗೂ ಪ್ರತ್ಯೇಕವಾಗಿ ಹೋಗಬೇಕು. ಲಕ್ಷಾಂತರ ಜನರಿಗೆ ಕಳುಹಿಸುವಾಗ ಸಾಲು ಬೆಳೆಯುತ್ತದೆ. ಅದೇ ಹೊತ್ತಿಗೆ ಎಲ್ಲರೂ ಮನೆಯವರಿಗೆ ಕರೆ ಮಾಡತೊಡಗಿರುತ್ತಾರೆ, ನೆಟ್‌ವರ್ಕ್ ಕಟ್ಟಿಕೊಂಡಿರುತ್ತದೆ. ಸೆಲ್ ಬ್ರಾಡ್‌ಕಾಸ್ಟ್‌ಗೆ ಈ ತೊಡಕಿಲ್ಲ; ನೂರು ಜನರಿಗಾದರೂ ಹತ್ತು ಲಕ್ಷ ಜನರಿಗಾದರೂ ಟವರ್ ಬಿತ್ತರಿಸುವುದು ಒಂದೇ ಸಂದೇಶವನ್ನು. ಇಂಟರ್‌ನೆಟ್ ಬೇಡ, ಆ್ಯಪ್ ಕೂಡ ಬೇಡ. ಫ್ರಾನ್ಸ್‌ನಂಥ ಕೆಲವು ದೇಶಗಳು ಇದರ ಜೊತೆಗೆ ಆಯಾ ಸ್ಥಳದಲ್ಲಿರುವವರಿಗೆ ಎಸ್ಸೆಮ್ಮೆಸ್ ಕಳುಹಿಸುವ ವ್ಯವಸ್ಥೆಯನ್ನೂ ಇಟ್ಟುಕೊಂಡಿವೆ. ಅಲ್ಲಿ ಯಾವ ಫೋನ್ ಎಲ್ಲಿದೆ ಎಂಬುದನ್ನು ಮೊಬೈಲ್ ಕಂಪನಿ ನೋಡಲೇಬೇಕಾಗುತ್ತದೆ.

ಪ್ರಶ್ನೆ: ಒಂದೇ ಕೋಣೆಯಲ್ಲಿದ್ದರೂ ಪತ್ನಿಯ ಫೋನ್‌ಗೆ ಎಚ್ಚರಿಕೆ ಬಂತು, ನನಗೆ ಬರಲಿಲ್ಲ. ಏಕೆ?

ಉತ್ತರ: ನಿಮ್ಮಿಬ್ಬರ ಮೊಬೈಲ್ ಕಂಪನಿ ಬೇರೆಯಾಗಿದ್ದರೆ ಟವರ್ ಕೂಡ ಬೇರೆ. ಏರ್‌ಪ್ಲೇನ್ ಮೋಡ್‌ನಲ್ಲಿರುವ ಫೋನ್‌ಗೆ ಏನೂ ಬರುವುದಿಲ್ಲ. ತೀರಾ ಹಳೆಯ ಫೋನ್, ಅಪ್‌ಡೇಟ್ ಮಾಡದ ಸಾಫ್ಟ್‌ವೇರ್, ಸೆಟ್ಟಿಂಗ್ಸ್‌ನಲ್ಲಿ ಎಂದೋ ಆಫ್ ಮಾಡಿಟ್ಟ ಗುಂಡಿ, ಇವೂ ಕಾರಣವಾಗಬಹುದು. ಸಂದೇಶವನ್ನು ನಿಗದಿತ ಅವಧಿಯವರೆಗೆ ಮತ್ತೆ ಮತ್ತೆ ಬಿತ್ತರಿಸುತ್ತಿರುತ್ತಾರೆ. ತಡವಾಗಿ ಆ ಪ್ರದೇಶಕ್ಕೆ ಬಂದವರಿಗೂ ಅದು ಸಿಗುತ್ತದೆ. ಒಮ್ಮೆ ತೋರಿಸಿದ ಫೋನ್ ಅದನ್ನು ಗುರುತಿಟ್ಟುಕೊಂಡು ಎರಡನೇ ಸಲ ಕೂಗುವುದಿಲ್ಲ.

ಏನೇ ಆದರೂ, ನಿಮ್ಮ ಫೋನ್‌ಗೆ ಬಂದದ್ದು ಪಕ್ಕದವರಿಗೂ ಬಂದಿದೆ ಎಂದು ಭಾವಿಸಬೇಡಿ. ಬಾಗಿಲು ತಟ್ಟಿ ಹೇಳಿ. ಫೋನ್ ಇಲ್ಲದ ವೃದ್ಧರಿಗೆ, ನಿದ್ದೆಯಲ್ಲಿರುವವರಿಗೆ ನೀವೇ ಎಚ್ಚರಿಕೆ.

ಪ್ರಶ್ನೆ: ಸುಳ್ಳು ಎಚ್ಚರಿಕೆಗಳೂ ಬರುತ್ತವಂತೆ. ಸುಮ್ಮನೆ ಗಾಬರಿಯಾಗುವ ಬದಲು ಇದನ್ನು ಆಫ್ ಮಾಡಿಟ್ಟರೆ ತಪ್ಪೇ?

ಉತ್ತರ: ಬಂದದ್ದುಂಟು. 2018ರ ಜನವರಿ 13ರ ಬೆಳಿಗ್ಗೆ ಹವಾಯಿಯ ಜನರ ಫೋನ್‌ಗಳಿಗೆ ಕ್ಷಿಪಣಿ ಬರುತ್ತಿದೆ, ಇದು ಅಣಕು ಕಾರ್ಯಾಚರಣೆಯಲ್ಲ ಎಂಬ ಸಂದೇಶ ಬಂತು. ಅಲ್ಲಿನ ವಿಪತ್ತು ನಿರ್ವಹಣಾ ಕಚೇರಿಯೊಳಗಿನ ಅಣಕು ಕಾರ್ಯಾಚರಣೆಯನ್ನು ನಿಜವೆಂದು ತಿಳಿದ ಸಿಬ್ಬಂದಿಯೊಬ್ಬರು ಅದನ್ನು ಕಳುಹಿಸಿದ್ದರು. ಅದಕ್ಕಿಂತ ನನಗೆ ನೋವಾಗುವುದು ಆಮೇಲಿನದು: ಅದು ಸುಳ್ಳು ಎಂಬ ಸಂದೇಶ ಫೋನ್‌ಗಳಿಗೆ ಬರಲು 38 ನಿಮಿಷ ಹಿಡಿಯಿತು. ತಪ್ಪು ಎಚ್ಚರಿಕೆ ಹೋದರೆ ಹಿಂಪಡೆಯುವುದು ಹೇಗೆಂದು ಮೊದಲೇ ಯೋಚಿಸಿಟ್ಟಿರಲಿಲ್ಲ. ಮಕ್ಕಳನ್ನು ತಬ್ಬಿಕೊಂಡು ಕುಳಿತವರ ಪಾಲಿಗೆ ಆ 38 ನಿಮಿಷ ಎಷ್ಟು ದೀರ್ಘವಾಗಿದ್ದಿರಬೇಕು!

ಆದರೂ ಆಫ್ ಮಾಡಬೇಡಿ ಎಂದೇ ಹೇಳುತ್ತೇನೆ. ಪರೀಕ್ಷಾ ಸಂದೇಶಗಳು ಕಿರಿಕಿರಿ ಎನಿಸಿದರೆ ಅವನ್ನಷ್ಟೇ ನಿಲ್ಲಿಸುವ ಆಯ್ಕೆ ಅನೇಕ ಫೋನ್‌ಗಳಲ್ಲಿದೆ. ಒಂದು ಸಂದರ್ಭಕ್ಕೆ ಮಾತ್ರ ನನ್ನ ಸಲಹೆ ಬೇರೆ. ಹಿಂಸೆ ನೀಡುವ ವ್ಯಕ್ತಿಯ ಜೊತೆ ಬದುಕುತ್ತಾ, ಸಹಾಯಕ್ಕಾಗಿ ಗುಟ್ಟಾಗಿ ಇನ್ನೊಂದು ಫೋನ್ ಇಟ್ಟುಕೊಂಡವರಿದ್ದಾರೆ. ಸೈಲೆಂಟ್‌ನಲ್ಲಿದ್ದರೂ ಅದು ಕೂಗಿಕೊಂಡರೆ ಅವರ ಜೀವಕ್ಕೇ ಅಪಾಯ. 2023ರ ಏಪ್ರಿಲ್ 23ರಂದು ಬ್ರಿಟನ್ ದೇಶವ್ಯಾಪಿ ಪರೀಕ್ಷೆ ನಡೆಸುವ ಮುನ್ನ ಈ ಆತಂಕ ಜೋರಾಗಿ ಕೇಳಿಬಂದಿತ್ತು. ಅಂಥವರು ಆ ಫೋನ್‌ನಲ್ಲಿ ಎಚ್ಚರಿಕೆಯನ್ನು ಆಫ್ ಮಾಡಿಡುವುದೇ ಸರಿ.

ಪ್ರಶ್ನೆ: ನಾನು ಸ್ಥಳೀಯ ಆಡಳಿತದಲ್ಲಿದ್ದೇನೆ. ಎಚ್ಚರಿಕೆಯ ಒಕ್ಕಣೆ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಯಾವುದಕ್ಕೆ ಗಮನ ಕೊಡಬೇಕು?

ಉತ್ತರ: ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಸಂದೇಶ ತಲುಪಿಸುವ ತಂತ್ರಜ್ಞಾನ ಬಹುಮಟ್ಟಿಗೆ ಸಿದ್ಧವಿದೆ. ಜನ ಉಳಿಯುವುದೂ ಉಳಿಯದಿರುವುದೂ ನೀವು ಬರೆಯುವ ನಾಲ್ಕು ಸಾಲಿನ ಮೇಲೆ, ಅದನ್ನು ಕಳುಹಿಸುವ ಹೊತ್ತಿನ ಮೇಲೆ ನಿಂತಿದೆ.

ಎಚ್ಚರಿಕೆ ಕೇಳಿದೊಡನೆ ಜನ ಓಡುವುದಿಲ್ಲ. ಕಿಟಕಿಯಾಚೆ ನೋಡುತ್ತಾರೆ, ಪಕ್ಕದವರನ್ನು ಕೇಳುತ್ತಾರೆ, ಯಾರಿಗೋ ಫೋನ್ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡೆನ್ನಿಸ್ ಮಿಲೆಟಿ ಈ ನಡವಳಿಕೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ಹೇಳುತ್ತಿರುವವರು ಯಾರು, ಅಪಾಯ ಏನು, ಎಲ್ಲಿ, ಯಾವಾಗ, ಏನು ಮಾಡಬೇಕು ಎಂಬ ಐದೂ ಸಂದೇಶದಲ್ಲಿದ್ದರೆ ಈ ತಡಕಾಟದ ಸಮಯ ಕಡಿಮೆಯಾಗುತ್ತದೆ.

ಕಚೇರಿಗಳಲ್ಲಿ ಸಿದ್ಧವಾಗುವ ಒಕ್ಕಣೆ ಹೀಗಿರುತ್ತದೆ: ‘ಪ್ರವಾಹದ ಸಂಭವವಿರುವುದರಿಂದ ಸಾರ್ವಜನಿಕರು ಸೂಕ್ತ ಮುನ್ನೆಚ್ಚರಿಕೆ ವಹಿಸತಕ್ಕದ್ದು.’ ಸೂಕ್ತ ಎಂದರೆ ಯಾವುದು? ಮನೆಯಲ್ಲಿರುವುದೋ, ಹೊರಡುವುದೋ? ಇದನ್ನೇ ಹೀಗೆ ಬರೆಯಿರಿ: ‘ವಿಪತ್ತು ನಿರ್ವಹಣಾ ಕಚೇರಿ: ಅಣೆಕಟ್ಟಿನಿಂದ ನೀರು ಬಿಡಲಾಗಿದೆ. ಸಂಜೆ 6ರೊಳಗೆ ನದಿಯ ಎರಡೂ ದಂಡೆಯ ತಗ್ಗು ಪ್ರದೇಶಕ್ಕೆ ನೀರು ನುಗ್ಗುತ್ತದೆ. ಈಗಲೇ ಎತ್ತರದ ಜಾಗಕ್ಕೆ ಹೋಗಿ. ಸೇತುವೆ ದಾಟಬೇಡಿ. ಮುಂದಿನ ಮಾಹಿತಿ 5 ಗಂಟೆಗೆ.’ ಕಾರಿನಲ್ಲಿರುವವನಿಗೂ ಅಡುಗೆಮನೆಯಲ್ಲಿರುವವಳಿಗೂ ಇದು ಒಂದೇ ಓದಿಗೆ ತಿಳಿಯುತ್ತದೆ. ಜಾಗ ಕಡಿಮೆ ಎಂಬುದೂ ನೆನಪಿರಲಿ. ಅಮೆರಿಕದಲ್ಲಿ ಮೊದಲು 90 ಅಕ್ಷರಗಳ ಮಿತಿಯಿತ್ತು, ಆಮೇಲೆ 360ಕ್ಕೆ ಏರಿಸಿದರು. ಸಂದೇಶ ಅಲ್ಲಿ ವಾಸಿಸುವವರ ನುಡಿಯಲ್ಲಿ, ಒಂದಕ್ಕಿಂತ ಹೆಚ್ಚು ನುಡಿಗಳಿದ್ದರೆ ಎಲ್ಲದರಲ್ಲೂ ಇರಲಿ.

ಇನ್ನು ಹೊತ್ತು. 2024ರ ಅಕ್ಟೋಬರ್ 29ರಂದು ಸ್ಪೇನ್‌ನ ವೆಲೆನ್ಸಿಯಾದಲ್ಲಿ ಜನರ ಫೋನ್‌ಗಳಿಗೆ ಎಚ್ಚರಿಕೆ ಹೋದಾಗ ರಾತ್ರಿ 8 ದಾಟಿತ್ತು. ಅಷ್ಟರಲ್ಲಿ ಹಲವು ಊರುಗಳ ಬೀದಿಗಳಲ್ಲಿ ನೀರು ಹರಿಯುತ್ತಿತ್ತು. ಆ ಪ್ರವಾಹದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ವ್ಯವಸ್ಥೆ ಅಲ್ಲಿ ಇತ್ತು, ಟವರ್‌ಗಳಿದ್ದವು. ಗುಂಡಿ ಒತ್ತುವ ತೀರ್ಮಾನ ಮಾತ್ರ ತಡವಾಯಿತು. ಜಪಾನ್‌ನಲ್ಲಿ ಭೂಕಂಪದ ಎಚ್ಚರಿಕೆಗೆ ಮನುಷ್ಯರ ಒಪ್ಪಿಗೆಗಾಗಿ ಕಾಯುವುದಿಲ್ಲ. ನೆಲದೊಳಗೆ ವೇಗವಾಗಿ ಬರುವ ಮೊದಲ ಕಂಪನದ ಅಲೆಯನ್ನು ಉಪಕರಣಗಳು ಗುರುತಿಸಿದೊಡನೆ, ಹಾನಿ ಮಾಡುವ ಎರಡನೇ ಅಲೆ ತಲುಪುವ ಮುನ್ನವೇ ಸಂದೇಶ ತಾನಾಗಿ ಹೊರಡುತ್ತದೆ. ಪ್ರವಾಹದಲ್ಲಿ ತೀರ್ಮಾನ ನಿಮ್ಮದೇ. ಯಾವ ಮಟ್ಟಕ್ಕೆ ನೀರು ಬಂದರೆ ಕಳುಹಿಸಬೇಕು, ಮೇಲಧಿಕಾರಿ ಸಿಗದಿದ್ದರೆ ಯಾರಿಗೆ ಅಧಿಕಾರ ಎಂಬುದನ್ನು ಬಿಸಿಲಿರುವ ದಿನವೇ ಬರೆದಿಡಿ. ಅಪಾಯ ಕಳೆದಿದೆ, ಹಿಂದಿನ ಸಂದೇಶ ತಪ್ಪಾಗಿತ್ತು ಎಂಬ ಎರಡು ಒಕ್ಕಣೆಗಳೂ ಅದೇ ಕಡತದಲ್ಲಿರಲಿ.

ಪ್ರಶ್ನೆ: ವಂಚಕರೂ ಇಂಥ ಸಂದೇಶ ಕಳುಹಿಸಬಹುದೇ?

ಉತ್ತರ: ನಕಲಿ ಟವರ್ ಬಳಸಿ ಹತ್ತಿರದ ಫೋನ್‌ಗಳಿಗೆ ಸುಳ್ಳು ಎಚ್ಚರಿಕೆ ಕಳುಹಿಸಲು ಸಾಧ್ಯವೆಂದು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ತೋರಿಸಿಕೊಟ್ಟಿದ್ದಾರೆ. ನಿಜವಾದ ಎಚ್ಚರಿಕೆ ಒಟಿಪಿ, ಬ್ಯಾಂಕ್ ವಿವರ, ಹಣ ಯಾವುದನ್ನೂ ಕೇಳುವುದಿಲ್ಲ. ಕೇಳಿದರೆ ಅಳಿಸಿಹಾಕಿ. ಎತ್ತರಕ್ಕೆ ಹೋಗಿ ಎಂದಷ್ಟೇ ಇದ್ದರೆ ಮೊದಲು ಹೊರಡಿ, ರೇಡಿಯೊದಲ್ಲೋ ಟಿವಿಯಲ್ಲೋ ಖಚಿತಪಡಿಸಿಕೊಳ್ಳುವುದು ಆಮೇಲೆ ಆಗಲಿ.