ವಾಟ್ಸ್‌ಆ್ಯಪ್‌ನಲ್ಲಿ ಬರುವ ಮೋಸದ ಲಿಂಕ್‌ಗಳಿಂದ ತಂದೆಯವರ ಫೋನನ್ನು ಕಾಪಾಡಲು ಯಾವ ಬ್ರೌಸರ್ ಹಾಕಿಕೊಡಬೇಕು?

ನಿಮ್ಮ ತಂದೆಯವರು ಬದಿಯಡ್ಕದ ಹತ್ತಿರದ ಊರಿನಲ್ಲಿದ್ದಾರೆ, ನೀವು ಉದ್ಯೋಗಕ್ಕಾಗಿ ದೂರದಲ್ಲಿದ್ದೀರಿ, ಅವರ ವಾಟ್ಸ್‌ಆ್ಯಪ್‌ಗೆ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಬಗೆಬಗೆಯ ಲಿಂಕ್‌ಗಳು ಬರುತ್ತಿವೆ, ಅವರಿಗೆ ಸಲೀಸಾಗಿ ಓದಲು ಬರುವುದು ಕನ್ನಡ ಮಾತ್ರ. ಹೀಗಿರುವಾಗ ಕ್ರೋಮ್ ತೆಗೆದು ಇನ್ನೂ ಸುರಕ್ಷಿತವಾದ ಬ್ರೌಸರ್ ಒಂದನ್ನು ಹಾಕಿಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಬ್ರೌಸರ್ ಎರಡನೆಯ ಕಾವಲು ಮಾತ್ರ. ಬ್ಯಾಂಕಿಗಾಗಲಿ ಸರ್ಕಾರಿ ಕಚೇರಿಗಾಗಲಿ ಚಾಟ್‌ನಲ್ಲಿ ಬಂದ ಲಿಂಕ್ ಹಿಡಿದು ಹೋಗದೆ, ಮೊದಲೇ ಗೊತ್ತಿರುವ ತಮ್ಮದೇ ದಾರಿಯಲ್ಲಿ ಹೋಗುವ ಅಭ್ಯಾಸವೇ ಮೊದಲನೆಯದು. ಕುಂಬಳೆಯಲ್ಲಿ ಕಂಪ್ಯೂಟರ್ ಮತ್ತು ಮೊಬೈಲ್ ದುರಸ್ತಿಯ ಕೆಲಸ ಮಾಡುವವನಾದ್ದರಿಂದ ಇಂಥ ಫೋನ್‌ಗಳನ್ನು ಹಿಡಿದುಕೊಂಡು ಬರುವ ಹಿರಿಯರನ್ನು ನಾನು ದಿನವೂ ಕಾಣುತ್ತೇನೆ. ಆ ಅನುಭವದಿಂದಲೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡು ಜಿಲ್ಲೆಯ ಕನ್ನಡಿಗರ ಸ್ಥಿತಿಯಲ್ಲಿ ಒಂದು ವಿಶೇಷವಿದೆ, ಅದನ್ನು ಮೊದಲು ಗಮನಿಸಬೇಕು. ಕಚೇರಿಯಿಂದ ಬರುವ ಹೆಚ್ಚಿನ ಕಾಗದಗಳು, ಸಂದೇಶಗಳು ಮಲಯಾಳದಲ್ಲಿಯೇ ಇರುವುದರಿಂದ, ಓದಲಾಗದ ಮಲಯಾಳದ ಸಂದೇಶವೊಂದು ಬಂದ ಕೂಡಲೇ ಅದು ಸರ್ಕಾರದ್ದೇ ಇರಬೇಕು ಎಂಬ ಭಾವನೆ ಹಿರಿಯರಲ್ಲಿ ತಾನಾಗಿಯೇ ಹುಟ್ಟುತ್ತದೆ. ಮೇಲಿನ ಸಾಲುಗಳು ಅರ್ಥವಾಗದಿದ್ದಾಗ, ಏನು ಬರೆದಿದ್ದಾರೆ ಎಂದು ತಿಳಿಯಲು ಅವರಿಗೆ ಉಳಿಯುವ ಉಪಾಯವೆಂದರೆ ಕೆಳಗಿನ ಲಿಂಕನ್ನು ಒತ್ತಿ ನೋಡುವುದು. ಆಸೆಯಿಂದ ಒತ್ತುವವರಿಗಿಂತ ಹೀಗೆ ವಿಷಯ ತಿಳಿಯುವುದಕ್ಕೆಂದು ಒತ್ತುವವರನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ. ಕೆಎಲ್ 14 ನೋಂದಣಿಯ ವಾಹನಕ್ಕೆ ದಂಡ ಬಿದ್ದಿದೆ ಎಂಬ ನಕಲಿ ಚಲನ್, ಇಂದು ರಾತ್ರಿ ವಿದ್ಯುತ್ ಸಂಪರ್ಕ ಕಡಿತವಾಗುತ್ತದೆ ಎಂಬ ಬೆದರಿಕೆ, ಬ್ಯಾಂಕಿನ ಕೆವೈಸಿಯ ಅವಧಿ ಮುಗಿದಿದೆ ಎಂಬ ಸೂಚನೆ ಇವೆಲ್ಲ ಕೇರಳದ ಕಡೆಯಿಂದ ಬರುತ್ತವೆ. ಮಂಗಳೂರು, ಪುತ್ತೂರಿನ ಬಂಧುಗಳಿರುವ ಗುಂಪುಗಳ ಮೂಲಕ ಕರ್ನಾಟಕದ ಗೃಹಲಕ್ಷ್ಮಿಯಂಥ ಯೋಜನೆಗಳ ಹೆಸರಿನ ಸುಳ್ಳು ಅರ್ಜಿ ಲಿಂಕ್‌ಗಳೂ ಬರುತ್ತವೆ. ಎರಡು ರಾಜ್ಯಗಳ ಮೋಸವೂ ಒಂದೇ ಫೋನಿಗೆ ಬಂದು ಸೇರುವುದು ಗಡಿನಾಡಿನಲ್ಲಿ ಸಾಮಾನ್ಯ ಸಂಗತಿಯಾಗಿದೆ.

ಆದ್ದರಿಂದ ತಂದೆಯವರಿಗೆ ಮೊದಲು ಕಲಿಸಬೇಕಾದದ್ದು ಲಿಂಕ್ ಒತ್ತದೆಯೇ ಸಂದೇಶವನ್ನು ಓದುವ ಬಗೆ. ಸಂದೇಶದ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ನಕಲು ಮಾಡುವ ಆಯ್ಕೆ ಸಿಗುತ್ತದೆ. ಅದನ್ನು ಗೂಗಲ್ ಟ್ರಾನ್ಸ್‌ಲೇಟ್ ಆ್ಯಪ್‌ನಲ್ಲಿ ಅಂಟಿಸಿದರೆ ಮಲಯಾಳ ಕನ್ನಡವಾಗುತ್ತದೆ, ಅದನ್ನು ಗಟ್ಟಿಯಾಗಿ ಓದಿಸಿ ಕೇಳಲೂಬಹುದು. ಅಷ್ಟು ಕಷ್ಟವೆನಿಸಿದರೆ ಸಂದೇಶವನ್ನು ನಿಮಗೆ ಕಳುಹಿಸಲು ಹೇಳಿ, ನೀವು ಉತ್ತರಿಸುವ ತನಕ ಕಾಯಲು ಹೇಳಿ. ದಂಡವಾಗಲಿ ವಿದ್ಯುತ್ ಬಿಲ್ಲಾಗಲಿ ಅರ್ಧ ದಿನ ಕಾದರೆ ಏನೂ ಕೆಡುವುದಿಲ್ಲ. ಕಾಯಲು ಬಿಡದೆ ಅವಸರಪಡಿಸುವ ಸಂದೇಶವನ್ನೇ ಹೆಚ್ಚು ಸಂಶಯಿಸಬೇಕು. ಅದು ಪರಿಚಿತರ ಸಂಖ್ಯೆಯಿಂದ ಬಂದಿದೆ ಎಂಬುದೂ ಭರವಸೆಯಲ್ಲ, ಏಕೆಂದರೆ ಒಬ್ಬರ ವಾಟ್ಸ್‌ಆ್ಯಪ್ ಕೈವಶವಾದ ಮೇಲೆ ವಂಚಕರು ಅವರದ್ದೇ ಸಂಖ್ಯೆಯಿಂದ ಅವರ ಬಂಧುಬಳಗಕ್ಕೆಲ್ಲ ಅದೇ ಸಂದೇಶವನ್ನು ಹಂಚುತ್ತಾರೆ.

ಇವುಗಳಲ್ಲಿ ಅತ್ಯಂತ ಹಾನಿಕರವಾದದ್ದು ಲಿಂಕ್ ಅಲ್ಲ, ಎಪಿಕೆ (apk) ಎಂಬ ಅಕ್ಷರಗಳಲ್ಲಿ ಕೊನೆಗೊಳ್ಳುವ, ಆ್ಯಪ್ ಸ್ಥಾಪಿಸುವ ಕಡತ. ಸರ್ಕಾರದ ವಾಹನ ಆ್ಯಪ್ ಆದ ಎಂಪರಿವಾಹನ್ ಎಂದೋ, ಮದುವೆಯ ಆಮಂತ್ರಣ ಎಂದೋ, ಬ್ಯಾಂಕಿನ ಹೆಸರಿನಲ್ಲೋ ಅದು ಬರುತ್ತದೆ. ಕೆಲವೊಮ್ಮೆ ಸಂದೇಶದ ಜೊತೆಗೇ ಇರುತ್ತದೆ, ಕೆಲವೊಮ್ಮೆ ಲಿಂಕ್ ಒತ್ತಿದ ಮೇಲೆ ಇಳಿಯುತ್ತದೆ. ಆಮಂತ್ರಣ ಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರಬೇಕೇ ಹೊರತು ಫೋನಿನಲ್ಲಿ ಸ್ಥಾಪಿಸಬೇಕಾದ ಆ್ಯಪ್ ಆಗಿ ಬರಲು ಕಾರಣವೇ ಇಲ್ಲ. ಸ್ಥಾಪಿಸಿದ ಕೂಡಲೇ ಅದು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ಬ್ಯಾಂಕಿನಿಂದ ಬರುವ ಒಟಿಪಿಗಳು ಫೋನಿನ ಒಡೆಯರಿಗೆ ತಿಳಿಯುವ ಮೊದಲೇ ವಂಚಕರಿಗೆ ರವಾನೆಯಾಗುತ್ತವೆ. ಆಕ್ಸೆಸಿಬಿಲಿಟಿ ಎಂಬ ಅನುಮತಿಯನ್ನೂ ಪಡೆದುಕೊಂಡರೆ ಪರದೆಯಲ್ಲಿ ಕಾಣುವುದನ್ನು ಓದಿ, ಒಡೆಯರ ಪರವಾಗಿ ಗುಂಡಿಗಳನ್ನು ಒತ್ತುವ ಶಕ್ತಿಯೂ ಅದಕ್ಕೆ ಬರುತ್ತದೆ. ಈ ಹಂತದಲ್ಲಿ ಯಾವ ಬ್ರೌಸರ್ ಇದ್ದರೂ ಪ್ರಯೋಜನವಿಲ್ಲ, ಏಕೆಂದರೆ ಅನುಮತಿ ಕೊಟ್ಟವರು ಫೋನಿನ ಒಡೆಯರೇ.

ಆಂಡ್ರಾಯ್ಡ್ 8ರಿಂದ ಈಚೆಗೆ ಹೊರಗಿನ ಆ್ಯಪ್ ಸ್ಥಾಪಿಸುವ ಅನುಮತಿಯನ್ನು ಪ್ರತಿ ಆ್ಯಪ್‌ಗೂ ಬೇರೆಬೇರೆಯಾಗಿ ಕೊಡುವ ವ್ಯವಸ್ಥೆ ಬಂದಿದೆ. ಮುಂದಿನ ಸಲ ಊರಿಗೆ ಹೋದಾಗ ತಂದೆಯವರ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ, ವಾಟ್ಸ್‌ಆ್ಯಪ್, ಕ್ರೋಮ್, ಕಡತಗಳನ್ನು ತೆರೆಯುವ ಆ್ಯಪ್ ಇವುಗಳಲ್ಲಿ ಒಂದಕ್ಕೂ ಆ ಅನುಮತಿ ಇಲ್ಲದಂತೆ ಮಾಡಿ. ಪ್ಲೇ ಸ್ಟೋರ್‌ನೊಳಗೆ ಹಾನಿಕರ ಆ್ಯಪ್‌ಗಳನ್ನು ಪತ್ತೆಹಚ್ಚುವ ಪ್ಲೇ ಪ್ರೊಟೆಕ್ಟ್ ಚಾಲೂ ಇದೆಯೇ ನೋಡಿ. ಹೊಸ ಬ್ರೌಸರ್ ಹುಡುಕುವುದಕ್ಕಿಂತ ಈ ಎರಡು ನಿಮಿಷದ ಕೆಲಸಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನು ವಿಳಾಸವನ್ನು ಓದುವ ವಿಚಾರ. ಇದು ನಿಮಗೆ ಬೇಕು. ತಂದೆಯವರು ಕಲಿತರೆ ಒಳ್ಳೆಯದು, ಕಲಿಯದಿದ್ದರೂ ಒತ್ತಾಯ ಬೇಡ. ಅಂಚೆಯ ವಿಳಾಸದಲ್ಲಿ ಮೇಲಿನ ಸಾಲಿನಲ್ಲಿ ಯಾವ ಹೆಸರು ಬರೆದರೂ ಕಾಗದ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಕೆಳಗಿನ ಅಂಚೆ ಕಚೇರಿ ಮತ್ತು ಪಿನ್‌ಕೋಡ್. 671ರಿಂದ ಆರಂಭವಾದರೆ ಅದು ನಮ್ಮ ಜಿಲ್ಲೆಗೆ ಬರುತ್ತದೆ. ಜಾಲತಾಣದ ವಿಳಾಸದಲ್ಲಿಯೂ ಮೊದಲ ಒಂಟಿ ಓರೆಗೆರೆಯ (/) ಹಿಂದಿನ ಕೊನೆಯ ಎರಡು ಮೂರು ತುಂಡುಗಳೇ ನಿರ್ಣಾಯಕ. ವಾಹನದ ದಂಡವನ್ನು ನೋಡುವ ನಿಜವಾದ ತಾಣ ‘ಇಚಲನ್ ಡಾಟ್ ಪರಿವಾಹನ್ ಡಾಟ್ ಗವ್ ಡಾಟ್ ಇನ್’. ‘ಪರಿವಾಹನ್ ಡಾಟ್ ಗವ್ ಡಾಟ್ ಇನ್’ ಎಂದೇ ಆರಂಭವಾಗಿ ಅದರ ಮುಂದೆ ಇನ್ನೊಂದು ಚುಕ್ಕಿ, ಇನ್ನೊಂದು ಹೆಸರು, ‘ಡಾಟ್ ಎಕ್ಸ್‌ವೈಜೆಡ್’ ಎಂದಿದ್ದರೆ ಅದು ಆ ಕೊನೆಯ ಹೆಸರಿನವರ ತಾಣವೇ ಹೊರತು ಸರ್ಕಾರದ್ದಲ್ಲ. ಇಮೇಲ್ ವಿಳಾಸದಲ್ಲಿ ಬರುವ ‘ಅಟ್’ ಚಿಹ್ನೆ ಈ ಭಾಗದಲ್ಲಿ ಕಂಡರೂ ಎಚ್ಚರ ಬೇಕು, ಏಕೆಂದರೆ ಅದರ ಎಡಗಡೆ ಎಷ್ಟು ದೊಡ್ಡ ಬ್ಯಾಂಕಿನ ಹೆಸರಿದ್ದರೂ ಬ್ರೌಸರ್ ಹೋಗುವುದು ಅದರ ಬಲಗಡೆಯ ತಾಣಕ್ಕೆ.

ಕಣ್ಣಿನಿಂದ ಓದಿ ಪತ್ತೆಹಚ್ಚಲಾಗದ ಮೋಸವೂ ಇದೆ. 2017ರಲ್ಲಿ ಭದ್ರತಾ ಸಂಶೋಧಕರೊಬ್ಬರು ರಷ್ಯನ್ ಮುಂತಾದ ಭಾಷೆಗಳ ಸಿರಿಲಿಕ್ ಲಿಪಿಯ ಅಕ್ಷರಗಳಿಂದಲೇ ಆ್ಯಪಲ್ ಸಂಸ್ಥೆಯ ವಿಳಾಸದಂತೆ ಕಾಣುವ ವಿಳಾಸವನ್ನು ನೋಂದಾಯಿಸಿ ತೋರಿಸಿದರು. ಆಗಿನ ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ನಿಜ ಯಾವುದು, ನಕಲಿ ಯಾವುದು ಎಂದು ಬರಿಗಣ್ಣಿಗೆ ತಿಳಿಯುತ್ತಿರಲಿಲ್ಲ. ವಿಳಾಸದ ಪಕ್ಕದ ಬೀಗದ ಚಿಹ್ನೆಯನ್ನು ನಂಬುವುದಂತೂ ಬೇಡವೇ ಬೇಡ. ನಡುವೆ ಯಾರೂ ಓದದಂತೆ ಮಾಹಿತಿ ಸಾಗುತ್ತಿದೆ ಎಂದಷ್ಟೇ ಅದರ ಅರ್ಥ, ಆಚೆ ತುದಿಯಲ್ಲಿರುವವನು ಪ್ರಾಮಾಣಿಕನೆಂದು ಅಲ್ಲ. ಈ ತಪ್ಪು ತಿಳಿವಳಿಕೆಯ ಕಾರಣದಿಂದಲೇ 2023ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಬೀಗದ ಚಿಹ್ನೆಯನ್ನು ಬದಲಿಸಿತು. ಒಂದು ಒಳ್ಳೆಯ ಬೆಳವಣಿಗೆಯನ್ನೂ ಹೇಳಬೇಕು: ರಿಸರ್ವ್ ಬ್ಯಾಂಕಿನ ಸೂಚನೆಯಂತೆ ದೇಶದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಗಳಿಗೆ ಬದಲಾಗಬೇಕಾಗಿತ್ತು. ಆ ವಿಳಾಸಗಳು ಬ್ಯಾಂಕುಗಳಿಗೆ ಮಾತ್ರ ಸಿಗುತ್ತವೆ. ಮೇಲಿನ ಯಾವ ವಿವರ ಮರೆತರೂ ಈ ಗುರುತೊಂದನ್ನು ನೆನಪಿಟ್ಟುಕೊಳ್ಳುವುದು ಹಿರಿಯರಿಗೂ ಸುಲಭ.

ಹೀಗಿದ್ದರೂ ಪ್ರತಿ ಸಲ ವಿಳಾಸ ಪರೀಕ್ಷಿಸುವ ಭಾರವನ್ನು ವಯಸ್ಸಾದವರ ಮೇಲೆ ಹೊರಿಸುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಅವರಿಗೆ ನಿಜವಾಗಿ ಬೇಕಾಗುವ ತಾಣಗಳು ಬೆರಳೆಣಿಕೆಯಷ್ಟು ಮಾತ್ರ: ಬ್ಯಾಂಕ್, ವಿದ್ಯುತ್ ಬಿಲ್, ವಾಹನದ ಚಲನ್, ಒಂದೆರಡು ಕನ್ನಡ ಪತ್ರಿಕೆಗಳು. ಬ್ಯಾಂಕಿಗೆ ಪ್ಲೇ ಸ್ಟೋರ್‌ನಿಂದ ಅದರದ್ದೇ ಆ್ಯಪ್ ಹಾಕಿಕೊಡಿ. ಉಳಿದ ತಾಣಗಳನ್ನು ನೀವೇ ತೆರೆದು, ಬ್ರೌಸರ್ ಮೆನುವಿನಲ್ಲಿರುವ ‘ಆ್ಯಡ್ ಟು ಹೋಮ್ ಸ್ಕ್ರೀನ್’ ಒತ್ತಿ, ಮುಖಪರದೆಯಲ್ಲಿ ಕನ್ನಡದಲ್ಲಿಯೇ ಹೆಸರು ಬರೆದು ಇಟ್ಟುಕೊಡಿ. ದಂಡದ ಸಂದೇಶ ಬಂದರೆ ಸಂದೇಶವನ್ನು ಮುಚ್ಚಿ ‘ವಾಹನ ದಂಡ’ ಎಂದು ನೀವು ಬರೆದಿಟ್ಟದ್ದನ್ನು ಒತ್ತಬೇಕು. ದಂಡ ನಿಜವಾಗಿದ್ದರೆ ಅಲ್ಲಿ ಕಾಣುತ್ತದೆ. ಇದೂ ಆಗದಿದ್ದರೆ ಸರ್ಕಾರಿ ಸೇವೆಗಳನ್ನು ಒದಗಿಸುವ ಪಕ್ಕದ ಅಕ್ಷಯ ಕೇಂದ್ರಕ್ಕೆ ಹೋಗಿ ವಿಚಾರಿಸಲಿ.

ಈಗ ಬ್ರೌಸರ್‌ಗೆ ಬರುತ್ತೇನೆ. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರೂ ಮೋಸದ ತಾಣಗಳನ್ನು ಗುರುತಿಸಲು ಗೂಗಲ್‌ನ ಸೇಫ್ ಬ್ರೌಸಿಂಗ್ ಪಟ್ಟಿಯನ್ನೇ ಬಳಸುತ್ತವೆ. ಹಾಗಾಗಿ ಈ ಒಂದು ವಿಚಾರದಲ್ಲಿ ಹೆಚ್ಚಿನ ಅಂತರವಿಲ್ಲ. ಕ್ರೋಮ್‌ನಲ್ಲಿ ‘ಎನ್‌ಹ್ಯಾನ್ಸ್ಡ್ ಪ್ರೊಟೆಕ್ಷನ್’ ಎಂಬ ಇನ್ನೂ ಬಿಗಿಯಾದ ಆಯ್ಕೆಯಿದೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಸೇಫ್ ಬ್ರೌಸಿಂಗ್ ತೆರೆದರೆ ಸಿಗುತ್ತದೆ. ಅದನ್ನು ಚಾಲೂ ಮಾಡಿದರೆ ಭೇಟಿ ನೀಡುವ ತಾಣಗಳ ಬಗ್ಗೆ ಹೆಚ್ಚು ಮಾಹಿತಿ ಗೂಗಲ್‌ಗೆ ಹೋಗುತ್ತದೆ ಎಂಬುದು ನಿಜ. ನಿಮ್ಮ ತಂದೆಯವರ ಮಟ್ಟಿಗೆ ಆ ವಿನಿಮಯ ಒಪ್ಪತಕ್ಕದ್ದೆಂದೇ ನಾನು ಹೇಳುತ್ತೇನೆ. ಫೈರ್‌ಫಾಕ್ಸ್‌ನ ಹೆಚ್ಚುಗಾರಿಕೆಯೆಂದರೆ ಆಂಡ್ರಾಯ್ಡ್ ಫೋನಿನಲ್ಲಿಯೂ ಯುಬ್ಲಾಕ್ ಒರಿಜಿನ್ ಎಂಬ ವಿಸ್ತರಣೆಯನ್ನು ಸೇರಿಸಿ ಜಾಹೀರಾತುಗಳನ್ನು ತಡೆಯಬಹುದು. ‘ನಿಮ್ಮ ಫೋನಿಗೆ ವೈರಸ್ ತಗಲಿದೆ’ ಎಂದು ಹೆದರಿಸುವ ಪುಟಗಳು ಜಾಹೀರಾತಿನ ಮೂಲಕವೇ ಬರುವುದರಿಂದ ಇದು ಸಣ್ಣ ಲಾಭವಲ್ಲ. ಒಂದು ತಾಣವು ಇನ್ನೊಂದರ ಮಾಹಿತಿಯನ್ನು ಕದಿಯದಂತೆ ಬೇರ್ಪಡಿಸಿಡುವ ವ್ಯವಸ್ಥೆ ಮಾತ್ರ ಆಂಡ್ರಾಯ್ಡ್‌ನಲ್ಲಿ ಕ್ರೋಮ್‌ಗೇ ಮೊದಲು ಬಂದದ್ದು. ಬ್ರೇವ್ ಎಂಬುದು ಕ್ರೋಮ್‌ನ ತಳಹದಿಯಾದ ಕ್ರೋಮಿಯಂ ಮೇಲೆಯೇ ಕಟ್ಟಿದ ಬ್ರೌಸರ್, ಅದರಲ್ಲಿ ಜಾಹೀರಾತು ತಡೆಯೂ ಮೊದಲಿನಿಂದಲೇ ಇದೆ.

ನಾನು ಬಳಸುವುದು ಫೈರ್‌ಫಾಕ್ಸ್. ಆದರೆ ನಿಮ್ಮ ತಂದೆಯವರಿಗೆ ಕ್ರೋಮ್ ರೂಢಿಯಾಗಿದ್ದರೆ ಅದನ್ನೇ ಉಳಿಸಿ, ಮೇಲೆ ಹೇಳಿದ ಬಿಗಿ ಆಯ್ಕೆಯನ್ನು ಚಾಲೂ ಮಾಡಿ. ಪರಿಚಿತ ಪರದೆಯಲ್ಲಿ ಏನಾದರೂ ವ್ಯತ್ಯಾಸವಾದರೆ ಅವರ ಕಣ್ಣಿಗೆ ಬೇಗ ಬೀಳುತ್ತದೆ. ಪತ್ರಿಕೆಗಳ ತಾಣದಲ್ಲಿ ಜಾಹೀರಾತಿನ ಕಾಟ ವಿಪರೀತವಿದ್ದರೆ ಬ್ರೇವ್ ಹಾಕಿಕೊಡಿ. ಯುಸಿ ಬ್ರೌಸರ್ ಎಲ್ಲಾದರೂ ಉಳಿದಿದ್ದರೆ ಅದನ್ನು ಅಳಿಸಲೇಬೇಕು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು, ಅಂದರೆ ಇಲ್ಲಿನ ಪ್ಲೇ ಸ್ಟೋರ್‌ನಿಂದ ಅದಕ್ಕೆ ಪರಿಷ್ಕರಣೆ (ಅಪ್‌ಡೇಟ್) ಬರುವ ದಾರಿಯೇ ಇಲ್ಲ.

ಹೆಸರಿಗಿಂತ ಪರಿಷ್ಕರಣೆ ಮುಖ್ಯ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಎಂಬ ಚಿತ್ರಗಳನ್ನು ತೆರೆಯುವ ತಂತ್ರಾಂಶದಲ್ಲಿ ಗಂಭೀರ ದೋಷ ಪತ್ತೆಯಾಗಿ, ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ತುರ್ತು ಪರಿಷ್ಕರಣೆ ಹೊರಡಿಸಬೇಕಾಯಿತು. ಏನನ್ನೂ ಸ್ಥಾಪಿಸದೆ, ಕುತಂತ್ರದಿಂದ ತಯಾರಿಸಿದ ಚಿತ್ರವಿರುವ ಪುಟವನ್ನು ತೆರೆದರೂ ಅಪಾಯವಿದ್ದ ದೋಷವದು. ನಮ್ಮಲ್ಲಿ ಗಲ್ಫ್‌ನಲ್ಲಿರುವ ಮಕ್ಕಳು ಹೊಸ ಫೋನ್ ಕೊಂಡಾಗ ಹಳೆಯದನ್ನು ಊರಿನ ಹಿರಿಯರಿಗೆ ಕೊಡುವ ಪದ್ಧತಿಯಿದೆ. ಆಂಡ್ರಾಯ್ಡ್ 8 ಮತ್ತು 9 ಇರುವ ಫೋನ್‌ಗಳಿಗೆ ಕ್ರೋಮ್‌ನ 138ನೆಯ ಆವೃತ್ತಿಯೇ ಕೊನೆಯದು, ಅದರ ನಂತರದ ಆವೃತ್ತಿಗಳಿಗೆ ಕನಿಷ್ಠ ಆಂಡ್ರಾಯ್ಡ್ 10 ಬೇಕು. ತಂದೆಯವರ ಫೋನ್ ಅಷ್ಟು ಹಳೆಯದಾಗಿದ್ದರೆ ಅದರಿಂದ ಬ್ಯಾಂಕ್ ಮತ್ತು ಯುಪಿಐ ವ್ಯವಹಾರ ಮಾಡಿಸಬೇಡಿ.

ಬ್ರೌಸರ್‌ನಲ್ಲಿ ಇನ್ನೆರಡು ಕಡೆ ಕೈಹಾಕಿ. ‘ನೋಟಿಫಿಕೇಷನ್’ ಕಳುಹಿಸಲು ಅನುಮತಿ ಪಡೆದಿರುವ ತಾಣಗಳನ್ನೆಲ್ಲ ತೆಗೆದುಬಿಡಿ. ಯಾವಾಗಲೋ ಗೊತ್ತಿಲ್ಲದೆ ‘ಅಲೋ’ ಒತ್ತಿದ ತಾಣಗಳೇ ಆಮೇಲೆ ನಕಲಿ ಎಚ್ಚರಿಕೆಗಳನ್ನು ಕಳುಹಿಸುತ್ತಿರುತ್ತವೆ. ಪಾಸ್‌ವರ್ಡ್‌ಗಳನ್ನು ಬ್ರೌಸರ್‌ನಲ್ಲಿಯೇ ಉಳಿಸಿಟ್ಟರೆ ಅದು ತಾನೇ ತುಂಬಿಕೊಡುವುದು ಉಳಿಸಿದಾಗ ಇದ್ದ ಅದೇ ತಾಣದಲ್ಲಿ ಮಾತ್ರ. ಎಷ್ಟೇ ತದ್ರೂಪವಾದ ನಕಲಿ ಪುಟದಲ್ಲೂ ಅದು ತುಂಬುವುದಿಲ್ಲ, ಸಿರಿಲಿಕ್ ಅಕ್ಷರದ ವೇಷಕ್ಕೂ ಮೋಸಹೋಗುವುದಿಲ್ಲ. ಯಾವತ್ತೂ ತಾನಾಗಿ ತುಂಬುವ ಪಾಸ್‌ವರ್ಡ್ ಇಂದೇಕೆ ತುಂಬಲಿಲ್ಲ ಎಂದು ಸಂಶಯ ಬಂದರೆ ಅಲ್ಲಿಗೇ ನಿಲ್ಲಿಸುವಂತೆ ತಂದೆಯವರಿಗೆ ಹೇಳಿ.

ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆಯ ಆರಂಕಿಯ ಪಿನ್ ಇಡಿ. ‘ಲಿಂಕ್ಡ್ ಡಿವೈಸಸ್’ ತೆರೆದು ಗುರುತಿಲ್ಲದ ಸಾಧನವಿದ್ದರೆ ಹೊರಹಾಕಿ. ಯಾವುದೋ ಫೋಟೊ ನೋಡಲು ಫೋನ್ ಸಂಖ್ಯೆ ಕೊಡಿ, ಆಮೇಲೆ ಈ ಎಂಟು ಅಕ್ಷರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ತುಂಬಿ ಎಂದು ಹೇಳುವ ಪುಟಗಳು ಮಾಡಿಸುವುದು ಇದನ್ನೇ, ವಂಚಕರ ಕಂಪ್ಯೂಟರನ್ನು ನಿಮ್ಮ ಖಾತೆಗೆ ಜೋಡಿಸುವ ಕೆಲಸವನ್ನು.

ಇಷ್ಟಾದರೂ ಎಲ್ಲೋ ಒತ್ತಿಹೋದರೆ ತಂದೆಯವರು ಸಂಕೋಚಪಟ್ಟು ಮುಚ್ಚಿಡದಂತೆ ಈಗಲೇ ಧೈರ್ಯ ಹೇಳಿಡಿ. ಲಿಂಕ್ ತೆರೆದು ಏನನ್ನೂ ತುಂಬದೆ, ಏನನ್ನೂ ಸ್ಥಾಪಿಸದೆ ಮುಚ್ಚಿದ್ದರೆ, ಬ್ರೌಸರ್ ಹೊಸದಾಗಿದ್ದಲ್ಲಿ, ಸಾಮಾನ್ಯವಾಗಿ ಹಾನಿಯಾಗುವುದಿಲ್ಲ. ಎಪಿಕೆ ಸ್ಥಾಪಿಸಿದ್ದರೆ ಕೂಡಲೇ ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಆರಿಸಿ, ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಕರೆಮಾಡಿ ಖಾತೆಯ ವ್ಯವಹಾರ ತಡೆಯಲು ಹೇಳಬೇಕು. ಬ್ಯಾಂಕಿನ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕುವುದು ಬೇಡ, ಅಲ್ಲಿಯೂ ನಕಲಿ ಸಂಖ್ಯೆಗಳಿರುತ್ತವೆ. ಡೆಬಿಟ್ ಕಾರ್ಡಿನ ಹಿಂಬದಿಯಲ್ಲಿರುವ ಸಂಖ್ಯೆಯೇ ಸರಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿ ಕೈಗೆ ಸಿಗದೆ ಹೋಗುವ ಮೊದಲೇ ಅದನ್ನು ತಡೆಹಿಡಿಯಲು ಆ ಕರೆಯಿಂದ ಸಾಧ್ಯವಾಗುತ್ತದೆ. ಕರೆ ಮಾಡುವಾಗ ಖಾತೆ ಸಂಖ್ಯೆ, ಹಣ ಹೋದ ದಿನಾಂಕ ಮತ್ತು ಹೊತ್ತು, ಯುಪಿಐ ಆಗಿದ್ದರೆ ಹನ್ನೆರಡು ಅಂಕೆಗಳ ವ್ಯವಹಾರ ಸಂಖ್ಯೆ ಕೈಯಲ್ಲಿರಲಿ. ವಂಚಕರ ಸಂದೇಶವನ್ನು ಅಳಿಸಬೇಡಿ, ಅದರ ಸ್ಕ್ರೀನ್‌ಶಾಟ್ ಆಮೇಲೆ ಲಿಖಿತ ದೂರಿನೊಂದಿಗೆ ಬೇಕಾಗುತ್ತದೆ.