ಕರೆಂಟ್ ಹೋಗಿ ಬಂದರೆ ಲಿನಕ್ಸ್ ಗಡಿಯಾರ ತಪ್ಪುತ್ತದೆ, ಫೈರ್‌ವಾಲ್ ತಡೆಯುತ್ತಿದೆಯಾ?

ಸಕಲೇಶಪುರದ ಮಳೆಯಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಫೈರ್‌ವಾಲ್ ಹಾಕಿದ ಮೇಲೆ ತಾನಾಗಿ ಸರಿಯಾಗುತ್ತಿಲ್ಲ ಅಂತ ಕೇಳಿದ್ದೀರಿ. ಇಲ್ಲಿ ಎರಡು ತೊಂದರೆ ಸೇರಿಕೊಂಡಿವೆ. ಹಿಂದಕ್ಕೆ ಹೋಗುವುದು ಬಹುಶಃ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತಿರುವುದಕ್ಕೆ. ಸಾಮಾನ್ಯವಾಗಿ ಅದು ಸಿಆರ್ 2032. ಬದಲಾಯಿಸಿ.

ಇನ್ನು ಫೈರ್‌ವಾಲ್. ನೀವು ಕ್ರೋನಿ (ಇಂಟರ್ನೆಟ್ಟಿನ ಸಮಯದ ಸರ್ವರ್‌ಗಳನ್ನು ಕೇಳಿ ಗಡಿಯಾರ ಸರಿಪಡಿಸುವ ಪ್ರೋಗ್ರಾಂ) ಬಳಸುತ್ತಿದ್ದರೆ ಟರ್ಮಿನಲ್‌ನಲ್ಲಿ 'ಕ್ರೋನಿಸಿ ಸೋರ್ಸಸ್' ಆಜ್ಞೆ ಕೊಟ್ಟು ರೀಚ್ ಕಾಲಂ ನೋಡಿ. 377 ಇದ್ದರೆ ಕೊನೆಯ 8 ಸಲವೂ ಉತ್ತರ ಬಂದಿದೆ (ಅದು ಆಕ್ಟಲ್, ಅಂದರೆ ಎಂಟರ ಆಧಾರದ ಲೆಕ್ಕ, ಗಾಬರಿ ಬೇಡ). 0 ಇದ್ದರೆ ಒಂದೂ ಬಂದಿಲ್ಲ.

ಹೀಗೆ ಸಮಯ ಕೇಳುವ ವಿಧಾನವಾದ ಎನ್‌ಟಿಪಿ ಓಡುವುದು ಯುಡಿಪಿ 123ನೇ ಪೋರ್ಟಿನಲ್ಲಿ. ಯುಡಿಪಿ, ಟಿಸಿಪಿ ಎರಡೂ ಡೇಟಾ ಕಳಿಸುವ ಬೇರೆ ಬೇರೆ ವಿಧಾನ. ಸುಮ್ನೆ ಟಿಸಿಪಿ 123 ತೆರೆದು ಕಾಯುವವರೇ ಜಾಸ್ತಿ! ನಾನೂ ಒಂದು ಸಂಜೆ ಹಾಗೇ ಕಳೆದಿದ್ದೇನೆ. ಹೊರಗೆ ಹೋಗುವ ಯುಡಿಪಿ 123ಕ್ಕೆ ದಾರಿ ಬಿಡಿ, ಅದಕ್ಕೆ ಬರುವ ಉತ್ತರಗಳನ್ನು 'ಎಸ್ಟಾಬ್ಲಿಷ್ಡ್' ನಿಯಮದಲ್ಲಿ (ನಾವು ಕೇಳಿದ್ದಕ್ಕೆ ಬರುವ ಉತ್ತರವನ್ನಷ್ಟೇ ಬಿಡುವ ನಿಯಮ) ಒಳಗೆ ಬಿಡಿ. ನೀವು ಬೇರೆಯವರಿಗೆ ಸಮಯ ಹಂಚುತ್ತಿಲ್ಲ ಅಲ್ವಾ? ಹಾಗಾದರೆ ಒಳಬರುವ 123 ತೆರೆಯುವುದೇ ಬೇಡ.

ಆಮೇಲೂ ರೀಚ್ 0 ಇದ್ದರೆ ಟಿಸಿಪಿಡಂಪ್ (ಹೋಗಿಬರುವ ಪ್ಯಾಕೆಟ್, ಅಂದರೆ ಡೇಟಾ ತುಣುಕುಗಳನ್ನು ತೋರಿಸುವ ಪ್ರೋಗ್ರಾಂ) ಹಾಕಿ 123ನೇ ಪೋರ್ಟ್ ನೋಡಿ. ಹೋಗುವ ಪ್ಯಾಕೆಟ್ಟೇ ಕಾಣದಿದ್ದರೆ ತಡೆ ಬಹುಪಾಲು ನಿಮ್ಮ ಮೆಷಿನ್ನಿನಲ್ಲೇ ಇದೆ. ಹೋಗಿದ್ದಕ್ಕೆ ಉತ್ತರವಿಲ್ಲದಿದ್ದರೆ ರೂಟರ್ ಅಥವಾ ಅದರಾಚೆ ಹುಡುಕಿ. ಉತ್ತರ ಕಂಡರೂ ರೀಚ್ 0 ಅಂದರೆ ನಿಮ್ಮ ಒಳಬರುವ ನಿಯಮವನ್ನೇ ಅನುಮಾನಿಸಿ. ಒಳಬರುವ ಪ್ಯಾಕೆಟ್ಟನ್ನು ಟಿಸಿಪಿಡಂಪ್ ಫೈರ್‌ವಾಲ್‌ಗಿಂತ ಮೊದಲೇ ನೋಡುತ್ತದೆ, ಅದಕ್ಕೇ ಈ ಗೊಂದಲ.

ದಾರಿ ಸರಿಯಾದ ಮೇಲೆ ರೂಟ್ (ಪೂರ್ತಿ ಅಧಿಕಾರದ ಬಳಕೆದಾರ) ಆಗಿ 'ಕ್ರೋನಿಸಿ ಮೇಕ್‌ಸ್ಟೆಪ್' ಕೊಡಿ, ಗಡಿಯಾರ ಒಂದೇ ಸಲಕ್ಕೆ ಸರಿಯಾಗುತ್ತದೆ.