ಮ್ಯೂನಿಕ್‌ಗೆ ಮೇ ತಿಂಗಳಲ್ಲೇ ಹೋಗಬೇಕಾ?

ಪ್ರಶ್ನೆ: ನಾವು ಧಾರವಾಡದ ಸಪ್ತಾಪುರದವರು. ಮಗ, ಸೊಸೆ, ಮೊಮ್ಮಗಳು ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾರೆ. ಮೊಮ್ಮಗಳು ಬರುವ ಸೆಪ್ಟೆಂಬರ್‌ಗೆ ಒಂದನೇ ಕ್ಲಾಸು. ಪ್ರತಿ ವಾರ ಗುಡ್ಡ, ಕೆರೆ ಅಂತ ತಿರುಗಾಡಿದ ಫೋಟೋ ಕಳಿಸುತ್ತಾರೆ. ಆದರೆ ಶನಿವಾರ ಸಂಜೆ ನಾನು ಫೋನ್ ಮಾಡಿದರೆ ‘ಅವ್ವಾ, ಆಮೇಲೆ ಮಾಡ್ತೀನಿ’ ಅಂತ ಮಗ ಇಟ್ಟುಬಿಡುತ್ತಾನೆ. ತಿರುಗಾಡೋಕೆ ಟೈಮ್ ಇದೆ, ಮಾತಾಡೋಕೆ ಇಲ್ಲ ಅಂದರೆ ಬೇಜಾರಾಗುತ್ತೆ ಅಲ್ವಾ? ಮೇ ತಿಂಗಳಲ್ಲಿ ಆಪೂಸ್ ಮಾವಿನಹಣ್ಣು ಕಟ್ಟಿಕೊಂಡು ಹೋಗಿ ಮೂರು ತಿಂಗಳು ಇದ್ದು ಬರೋಣ ಅಂತಿದ್ದೇವೆ. ನನಗೆ ಕಸೂತಿ ಹಾಕೋದು ಬಿಟ್ಟರೆ ಬೇರೆ ಹವ್ಯಾಸ ಇಲ್ಲ. ಅಲ್ಲಿ ದಿನವಿಡೀ ಏನು ಮಾಡಲಿ?

ಉತ್ತರ: ನಾನು ಮ್ಯೂನಿಕ್‌ನಲ್ಲಿ ಒಂಬತ್ತು ವರ್ಷ ಸಂಸಾರ ಮಾಡಿ ಹುಬ್ಬಳ್ಳಿಗೆ ವಾಪಸ್ ಬಂದವಳು. ನನ್ನ ತಾಯಿಯೂ ಇದೇ ಮಾತು ಹೇಳಿ ಬೇಜಾರು ಮಾಡಿಕೊಳ್ಳುತ್ತಿದ್ದರು, ಹಾಗಾಗಿ ನಿಮ್ಮ ಪತ್ರ ಓದಿ ಸುಮ್ನೆ ಕೂರಲು ಆಗಲಿಲ್ಲ.

ಮೊದಲು ಶನಿವಾರದ ಮಾತು. ನೀವು ಸಂಜೆ 6ಕ್ಕೆ ಫೋನ್ ಮಾಡಿದರೆ ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನ 2.30. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ನಮ್ಮ ಬಂದ್ ದಿನದ ಹಾಗೆ. ಶನಿವಾರವೂ ರಾತ್ರಿ 8ಕ್ಕೆ ಬಾಗಿಲು ಹಾಕಿಬಿಡುತ್ತಾರೆ. ಹಾಲು, ತರಕಾರಿ, ಅಕ್ಕಿ ಎಲ್ಲ ಅಷ್ಟರೊಳಗೆ ತರಬೇಕು. ಬಟ್ಟೆ ಒಗೆಯೋದು, ಮನೆ ಒರೆಸೋದೂ ಅವತ್ತೇ, ಯಾಕಂದರೆ ಕೆಲಸದವರು ಅಂತ ಯಾರೂ ಇರಲ್ಲ. ಭಾನುವಾರ ಸದ್ದು ಮಾಡುವ ಹಾಗಿಲ್ಲ. ನಾನು ಹೋದ ಹೊಸದರಲ್ಲಿ ಭಾನುವಾರ ಬೆಳಿಗ್ಗೆ ಮಿಕ್ಸರ್ ಹಾಕಿದ್ದೆ, ಕೆಳಗಿನ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದು ಬೆಲ್ ಮಾಡಿದರು. ಅವತ್ತಿನಿಂದ ಇಡ್ಲಿ ಹಿಟ್ಟು ರುಬ್ಬುವುದು ಶನಿವಾರ ಸಂಜೆಗೆ ಬಂತು.

ಆ ಶನಿವಾರದಲ್ಲಿ ನನ್ನ ಮಗಳಿಗೆ ಒಂದೇ ಒಂದು ಖುಷಿಯ ಕೆಲಸ ಇತ್ತು. ವಾರದ ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ಚೀಲದಲ್ಲಿ ತುಂಬಿಕೊಂಡು ಸೂಪರ್ ಮಾರ್ಕೆಟ್ಟಿನ ಮಶೀನ್ ಹತ್ತಿರ ಹೋಗುವುದು. ಕೊಳ್ಳುವಾಗ ಒಂದೊಂದು ಬಾಟಲಿಗೆ 25 ಸೆಂಟ್ ಠೇವಣಿ ಇಟ್ಟುಕೊಂಡಿರುತ್ತಾರೆ, ವಾಪಸ್ ಹಾಕಿದರೆ ಅದು ಸಿಗುತ್ತದೆ. ತುದಿಗಾಲಲ್ಲಿ ನಿಂತು ಒಂದೊಂದೇ ತೂರಿಸುತ್ತಿದ್ದಳು, ಒಳಗೆ ಬಾಟಲಿ ಗಿರ್ರನೆ ತಿರುಗಿ ಹೋಗುವುದನ್ನು ನೋಡುತ್ತಿದ್ದಳು, ಕೊನೆಗೆ ಬಂದ ಚೀಟಿಯನ್ನು ಬಿಲ್ ಕೌಂಟರ್ ತನಕ ಎರಡೂ ಕೈಯಲ್ಲಿ ಹಿಡಿದು ಬರುತ್ತಿದ್ದಳು. ಅಂಥ ಹೊತ್ತಿಗೇ ಅವ್ವನ ಫೋನ್ ಬರುತ್ತಿತ್ತು. ನಾನೂ ‘ಆಮೇಲೆ ಮಾಡ್ತೀನಿ’ ಅಂತಲೇ ಹೇಳುತ್ತಿದ್ದೆ. ನೀವು ಭಾನುವಾರ ಮಧ್ಯಾಹ್ನ 12.30ಕ್ಕೆ ಮಾಡಿ ನೋಡಿ. ಅಲ್ಲಿ ಬೆಳಿಗ್ಗೆ 9, ತಿಂಡಿ ತಿನ್ನುತ್ತಿರುತ್ತಾರೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಆಗ 1.30ಕ್ಕೆ ಮಾಡಿ.

ಇನ್ನು ತಿರುಗಾಟ. ಅಂಗಡಿ ಇಲ್ಲ, ಬಂದು ಹೋಗುವ ನೆಂಟರಿಲ್ಲ, ಫ್ಲ್ಯಾಟಿನಲ್ಲಿ ಮಗು ಕುಣಿದರೆ ಕೆಳಗಿನವರಿಗೆ ತೊಂದರೆ. ಭಾನುವಾರ ಹೊರಗೆ ಹೋಗದೆ ಇದ್ದರೆ ಆ ಮನೆಯಲ್ಲಿ ಉಸಿರು ಕಟ್ಟುತ್ತದೆ. ಅದಕ್ಕೆ ದುಡ್ಡು ತುಂಬಾ ಬೇಕು ಅಂತಲೂ ಇಲ್ಲ. ಎಸ್-ಬಾನ್ ರೈಲು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಸ್ಟಾರ್ನ್‌ಬರ್ಗ್ ಸರೋವರ. ದೂರ ಹೋಗಬೇಕಾದರೆ ಬಯೆರ್ನ್ ಟಿಕೆಟ್ ಅಂತ ಇದೆ, ಒಂದೇ ಟಿಕೆಟ್ಟಿನಲ್ಲಿ 5 ಜನರ ತನಕ ಇಡೀ ದಿನ ಬವೇರಿಯಾ (ಮ್ಯೂನಿಕ್ ಇರುವ ರಾಜ್ಯ) ಸುತ್ತಬಹುದು, ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೂ ಅದು ನಡೆಯುತ್ತದೆ. ವೇಗದ ಐಸಿಇ ರೈಲಿಗೆ ಮಾತ್ರ ನಡೆಯಲ್ಲ. ಎರಡನೇ ಲೂಡ್ವಿಗ್ ರಾಜ 1869ರಲ್ಲಿ ಕಟ್ಟಲು ಶುರು ಮಾಡಿದ ನೊಯ್‌ಶ್ವಾನ್‌ಸ್ಟೈನ್ ಕೋಟೆ ನೋಡಲು ನಾವು ಹೀಗೇ ಹೋಗಿದ್ದು, ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಕೋಟೆಗಿಂತ ನನಗೆ ನೆನಪಿರುವುದು ಅದರ ಹತ್ತಿರದ ಫ್ಯೂಸೆನ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ರೊಟ್ಟಿ ಮುರಿದಿದ್ದು. ಚಳಿಗೆ ಚಟ್ನಿಯ ಎಣ್ಣೆ ಗಟ್ಟಿಯಾಗಿತ್ತು, ಮೂವರೂ ಮಾತಾಡದೆ ತಿಂದೆವು.

ಈಗ ನಿಮ್ಮ ಮೇ ತಿಂಗಳ ಯೋಜನೆ. ದಯವಿಟ್ಟು ಬದಲಾಯಿಸಿ. ಆಪೂಸ್ ಆಸೆ ಬಿಡಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಮಾವಿನಹಣ್ಣನ್ನು ಯುರೋಪಿನೊಳಗೆ ಒಯ್ಯುವ ಹಾಗಿಲ್ಲ. ತುಪ್ಪ, ಬೆಣ್ಣೆ, ಖೋವಾ ಕೂಡ ಬಿಡಲ್ಲ. ನಮ್ಮ ಪೇಡೆ ಖೋವಾದ್ದೇ ಅಲ್ವಾ, ಏರ್‌ಪೋರ್ಟಿನಲ್ಲಿ ಕಳಕೊಂಡು ಕಣ್ಣೀರು ಹಾಕುವುದು ಬೇಡ. ರೊಟ್ಟಿ, ಚಟ್ನಿಪುಡಿ, ಶೇಂಗಾ ಉಂಡಿ ಧಾರಾಳವಾಗಿ ಒಯ್ಯಿರಿ.

ಜುಲೈ ಕೊನೆಗೆ ಹೊರಡಿ. ಬವೇರಿಯಾದಲ್ಲಿ ಆಗಸ್ಟ್ ಶುರುವಿನಿಂದ ಸೆಪ್ಟೆಂಬರ್ ಮಧ್ಯದವರೆಗೆ ಶಾಲೆಗೆ ರಜೆ, ಎಷ್ಟೋ ಕಿಂಡರ್‌ಗಾರ್ಟನ್‌ಗಳೂ ಆಗ ಕೆಲವು ವಾರ ಮುಚ್ಚಿರುತ್ತವೆ. ಅಪ್ಪ ಅಮ್ಮನಿಗೆ ಅಷ್ಟು ದಿನ ರಜೆ ಸಿಗಲ್ಲ. ಮಗುವನ್ನು ಯಾರು ನೋಡಿಕೊಳ್ಳಬೇಕು ಅಂತ ಅವರು ಒದ್ದಾಡುವ ಹೊತ್ತು ಅದು. ನೀವು ಅಲ್ಲಿದ್ದರೆ ಆ ಮನೆಗೆ ಎಷ್ಟು ಬಲ ಅಂತ ಅನುಭವಿಸಿದ ನಾನು ಹೇಳುತ್ತೇನೆ. ಒಂದನೇ ಕ್ಲಾಸು ಶುರುವಾದ ಮೇಲೆ ಅವರಿಗೆ ಬೇಕಾದಾಗ ಊರಿಗೆ ಬರುವುದೂ ಕಷ್ಟ. ಅಲ್ಲಿ ಶಾಲೆ ಕಡ್ಡಾಯ, ಅನುಮತಿ ಇಲ್ಲದೆ ಮಗುವನ್ನು ಶಾಲೆ ಬಿಡಿಸಿ ಕರೆದುಕೊಂಡು ಬಂದರೆ ದಂಡ ಬೀಳಬಹುದು. ಮದುವೆಗೆ ಬರಲಿಲ್ಲ ಅಂತ ಮುಂದೆ ಕೋಪ ಮಾಡಿಕೊಳ್ಳಬೇಡಿ.

ವೀಸಾ 90 ದಿನಕ್ಕೆ, ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಬರುತ್ತವೆ. ಕನಿಷ್ಠ 30,000 ಯೂರೋ ಚಿಕಿತ್ಸಾ ಖರ್ಚು ಭರಿಸುವ ಪ್ರಯಾಣ ವಿಮೆ ಬೇಕೇ ಬೇಕು. ಬಿಪಿ, ಶುಗರ್ ಮಾತ್ರೆ ಇಲ್ಲಿಂದಲೇ ಒಯ್ಯಿರಿ, ಡಾಕ್ಟರ್ ಚೀಟಿ ಜೊತೆಗಿರಲಿ.

ದಿನವಿಡೀ ಏನು ಮಾಡಲಿ ಅಂದಿರಿ. ಒಂದನೇ ಕ್ಲಾಸಿನ ಮೊದಲ ದಿನ ಅಲ್ಲಿ ಮಕ್ಕಳು ಶೂಲ್‌ಟ್ಯೂಟೆ ಅಂತ ದೊಡ್ಡ ಪೊಟ್ಟಣ ಅಪ್ಪಿಕೊಂಡು ಹೋಗುತ್ತಾರೆ. ಶೇಂಗಾ ಪೊಟ್ಟಣದ ಆಕಾರವೇ, ಆದರೆ ಸುಮಾರು 70 ಸೆಂಟಿಮೀಟರ್ ಉದ್ದ, ಒಳಗೆ ಸಿಹಿ, ಪೆನ್ಸಿಲ್, ಸಣ್ಣ ಆಟಿಕೆ. ಅಜ್ಜ ಅಜ್ಜಿಯರು ಇದ್ದರೆ ಅವರೂ ಶಾಲೆಗೆ ಹೋಗುತ್ತಾರೆ. ಕಾಗದದ್ದೂ ಸಿಗುತ್ತದೆ, ಬಟ್ಟೆಯಲ್ಲಿ ಹೊಲಿಯುವವರೂ ಇದ್ದಾರೆ. ನನ್ನ ಮಗಳದ್ದು ಅಂಗಡಿಯಿಂದ ತಂದಿದ್ದು. ನಿಮಗೆ ಕಸೂತಿಯ ಗವಂತಿ, ಮುರ್ಗಿ, ನೇಗಿ, ಮೆಂತಿ ಎಲ್ಲ ಹೊಲಿಗೆಯೂ ಬರುತ್ತದಲ್ಲ? ಗೋಪುರ, ನವಿಲು, ಆನೆ ಹಾಕಿ ಮೊಮ್ಮಗಳ ಪೊಟ್ಟಣ ನೀವೇ ಮಾಡಿ. ಆಗಸ್ಟ್ ಪೂರ್ತಿ ಕೈಯಲ್ಲಿದೆ. ಬಟ್ಟೆ, ದಾರ ಇಲ್ಲಿಂದಲೇ ಒಯ್ಯಿರಿ, ಅಳತೆ ಎಷ್ಟು ಅಂತ ಈ ಭಾನುವಾರ 12.30ಕ್ಕೆ ಸೊಸೆಯನ್ನು ಕೇಳಿ.